ಚುಂಯ್ ಅಂತ ಸದ್ದು ಬಂದರೆ ಅಲ್ಲೇ ನಿಲ್ಲಿಸಿ

ಎರಡು ತಿಂಗಳಿಗೊಮ್ಮೆ ಪಾರ್ಲರ್‌ಗೆ ಹೋಗಿ ಬಂದರೂ ನಾಲ್ಕೇ ದಿನಕ್ಕೆ ಕೂದಲು ಮೊದಲಿನಂತಾಗುತ್ತದೆ, ಮಧ್ಯದ ದಿನಗಳಿಗೆ ಒಂದು ಸ್ಟ್ರೈಟ್ನರ್ ತಗೊಳ್ಳಲಾ, ಯಾವ ಸೀರಮ್, ಯಾವ ಎಣ್ಣೆ ಅಂತ ಕೇಳಿದ್ದೀರಿ. ಜೊತೆಗೆ ‘ಬೆಳಿಗ್ಗೆ ತಲೆಸ್ನಾನ ಮಾಡಿ ಎಂಟರ ಬಸ್ಸು ಹಿಡಿಯಬೇಕು’ ಅಂತ ಒಂದು ಸಾಲು ಸೇರಿಸಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನೆ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

ನಾನು ಸಾಗರದ ಕಡೆಯವಳು. 2014ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಾಗ ನನ್ನ ಜಡೆ ಸೊಂಟ ಮುಟ್ಟುತ್ತಿತ್ತು. ಊರಲ್ಲಿ ತಲೆಸ್ನಾನ ವಾರಕ್ಕೊಂದೇ ಸಲ. ಅಜ್ಜಿ ದಾಸವಾಳದ ಸೊಪ್ಪು ಕಿವುಚಿ ಗೊಂಪು, ಅಂದರೆ ತಲೆಗೆ ಹಚ್ಚುವ ಲೋಳೆ ರಸ, ತೆಗೆದಿಡುತ್ತಿದ್ದರು. ಸ್ನಾನ ಮುಗಿಸಿ ಅಂಗಳದಲ್ಲಿ ಕೂದಲು ಹರವಿಕೊಂಡು ಕೂರಬೇಕು. ಪೂರ್ತಿ ಒಣಗುವ ಮುಂಚೆ ಬಾಚಣಿಗೆಗೆ ಕೈ ಹಾಕಿದರೆ ಬೈಗುಳ ಖಂಡಿತ. ಆ ಬೈಗುಳಕ್ಕೆ ಒಂದು ಕಾರಣ ಇತ್ತು ಅನ್ನುವುದು ನನಗೆ ಗೊತ್ತಾಗುವಷ್ಟರಲ್ಲಿ ಅರ್ಧ ಜಡೆ ಹೋಗಿತ್ತು.

ನನ್ನದು ಫ್ರಂಟ್ ಡೆಸ್ಕ್ ಕೆಲಸ. ಎಣ್ಣೆ ಹಾಕಿ ಬಿಗಿದ ಜಡೆ ಅಲ್ಲಿಗೆ ಒಪ್ಪುವುದಿಲ್ಲ ಅಂತ ಮೊದಲ ವಾರವೇ ಸೂಚನೆ ಬಂತು. ಜೊತೆಯ ಹುಡುಗಿಯರು ಪಾರ್ಲರ್‌ಗೆ ಕರೆದುಕೊಂಡು ಹೋದರು. ಬ್ಲೋ ಡ್ರೈ ಮಾಡಿ ಕನ್ನಡಿ ಮುಂದೆ ತಿರುಗಿಸಿದಾಗ ನನ್ನ ಕೂದಲು ರೇಷ್ಮೆ ಸೀರೆಯ ಸೆರಗಿನಂತೆ ಜಾರುತ್ತಿತ್ತು. ವಾಪಸ್ ಬರುವಾಗ ಬಸ್ಸಿನ ಕಿಟಕಿ ಗಾಜಿನಲ್ಲಿ ಅದನ್ನೇ ನೋಡುತ್ತಾ ಬಂದೆ. ಮೂರನೇ ದಿನ ತಲೆಗೆ ನೀರು ಹಾಕಿಕೊಂಡೆ, ಎಲ್ಲ ಹೋಯಿತು. ನಿಮ್ಮ ಹಾಗೆಯೇ ನನಗೂ ಅನ್ನಿಸಿದ್ದು: ಪಾರ್ಲರ್‌ನವರು ಮಾಡಿದ್ದನ್ನು ಮನೆಯಲ್ಲಿ ನಾನೇ ಮಾಡಿಕೊಂಡರೆ ಆಯಿತಲ್ಲ. ಮುಂದಿನ ಸಂಬಳದಲ್ಲಿ ಸ್ಟ್ರೈಟ್ನರ್ ಕೊಂಡೆ.

ಎಣ್ಣೆ ಜಿಡ್ಡಿದ್ದರೆ ಅದು ಸರಿಯಾಗಿ ಜಾರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆರಕ್ಕೆ ತಲೆಸ್ನಾನ. ಟವೆಲ್‌ನಲ್ಲಿ ಗಸಗಸ ಉಜ್ಜಿ ತಿಂಡಿ ತಿನ್ನುವಷ್ಟರಲ್ಲಿ ಮೇಲಿನ ನೀರು ಹೋಗಿರುತ್ತಿತ್ತು. ಮುಟ್ಟಿದರೆ ಕೊಂಚ ತಣ್ಣಗೆ, ಅಷ್ಟೇ. ಸ್ಟ್ರೈಟ್ನರನ್ನು ಅದರ ಕೊನೆಯ ಅಂಕಿ 230 ಡಿಗ್ರಿಗೆ ಇಟ್ಟು ಎಳೆಯುತ್ತಿದ್ದೆ. ದೋಸೆ ಹೆಂಚಿಗೆ ನೀರು ಚಿಮುಕಿಸಿದಂತೆ ಚುಂಯ್ ಅನ್ನುತ್ತಿತ್ತು, ಹಬೆ ಏಳುತ್ತಿತ್ತು. ಕೂದಲು ಒಣಗುವುದೂ ನೇರವಾಗುವುದೂ ಒಂದೇ ಸಲಕ್ಕೆ ಮುಗಿಯುತ್ತಿದೆ, ಹತ್ತು ನಿಮಿಷ ಉಳಿಯಿತು ಅಂತ ಎರಡೂವರೆ ವರ್ಷ ನಂಬಿದ್ದೆ. ಎಲ್ಲ ಹಾಳಾಗಿದ್ದು ಈ ಒಂದು ತಪ್ಪಿನಿಂದ, ಆದ್ದರಿಂದ ಸ್ವಲ್ಪ ಉದ್ದವಾದರೂ ಬಿಡಿಸಿಯೇ ಹೇಳುತ್ತೇನೆ.

ಕೂದಲು ಪ್ಲಾಸ್ಟಿಕ್ ದಾರದಂತೆ ಗಟ್ಟಿಯಲ್ಲ, ನೀರು ಕುಡಿಯುತ್ತದೆ. ಪೂರ್ತಿ ನೆನೆದಾಗ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಒಳಗೆಳೆದುಕೊಂಡು ಉಬ್ಬುತ್ತದೆ. ಟವೆಲ್ ಒರೆಸುವುದು ಹೊರಗಿನ ನೀರನ್ನು ಮಾತ್ರ, ಒಳಗಿನದು ಅಲ್ಲೇ ಇರುತ್ತದೆ. ಅದರ ಮೇಲೆ 200 ಡಿಗ್ರಿ ದಾಟಿದ ಎರಡು ಕಾದ ಪಟ್ಟಿಗಳನ್ನು ಒತ್ತಿದರೆ ಆ ನೀರು ಕುದ್ದು ಆವಿಯಾಗುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿ ಸಾಲದು. ಭತ್ತ ಹುರಿಯುವಾಗ ಒಳಗಿನ ತೇವ ಆವಿಯಾಗಿ ಅರಳು ಸಿಡಿಯುತ್ತದಲ್ಲ, ಅದೇ ಕತೆ. ಕೂದಲಿನ ಒಳಗೆ ಗುಳ್ಳೆ ಗುಳ್ಳೆ ಏಳುತ್ತದೆ, ಆ ಜಾಗ ಟೊಳ್ಳಾಗುತ್ತದೆ. ಹೊರಗಿನಿಂದ ಆ ದಿನ ಏನೂ ಕಾಣುವುದಿಲ್ಲ, ಹೊಳಪೇ ಕಾಣುತ್ತದೆ. ಎರಡು ವಾರ ಬಿಟ್ಟು ಬಾಚುವಾಗ ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಚರ್ಮದ ಡಾಕ್ಟರುಗಳು ಇದನ್ನು ‘ಬಬಲ್ ಹೇರ್’ ಅಂತಲೇ ಕರೆಯುತ್ತಾರೆ. ಒದ್ದೆ ಕೂದಲನ್ನು 125 ಡಿಗ್ರಿಯ ಕರ್ಲಿಂಗ್ ಇಕ್ಕಳದಲ್ಲಿ ಒಂದು ನಿಮಿಷ ಹಿಡಿದರೂ ಗುಳ್ಳೆ ಏಳುತ್ತದೆ. ಹಾಗಾಗಿ ‘ಕಡಿಮೆ ಬಿಸಿಯಲ್ಲಿ ಇಟ್ಟುಕೊಳ್ತೀನಿ ಬಿಡಿ’ ಅನ್ನುವುದೂ ನಡೆಯುವುದಿಲ್ಲ. ಒಣ ಕೂದಲು ತಾಳಿಕೊಳ್ಳುವ ಬಿಸಿಯನ್ನು ಒದ್ದೆ ಕೂದಲು ತಾಳಿಕೊಳ್ಳುವುದಿಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಬಿಸಿಯಿಂದ ಕಾಪಾಡುತ್ತದೆ ಅಂತ ಒಂದು ಸ್ಪ್ರೇ ತಂದು, ಅದನ್ನು ಸಿಂಪಡಿಸಿ ಒಣಗಲು ಬಿಡದೆ ಅದರ ಮೇಲೆಯೇ ಸ್ಟ್ರೈಟ್ನರ್ ಎಳೆಯುತ್ತಿದ್ದೆ. ಆ ಸ್ಪ್ರೇಯಲ್ಲಿ ಹೆಚ್ಚಿನ ಪಾಲು ನೀರೇ.

ಬಾಚಣಿಗೆ ತುಂಬ ಕೂದಲು, ದಿಂಬಿನ ಮೇಲೆ ಕೂದಲು, ಆಫೀಸಿನ ಕೀಬೋರ್ಡ್ ಸಂದಿಯಲ್ಲೂ ಕೂದಲು. ಉದುರುತ್ತಿದೆ ಅಂದುಕೊಂಡೆ. ಈರುಳ್ಳಿ ಎಣ್ಣೆ ಹಚ್ಚಿದೆ, ಬಯೋಟಿನ್ ಮಾತ್ರೆ ನುಂಗಿದೆ, ಮೂರು ಶಾಂಪೂ ಬದಲಾಯಿಸಿದೆ. ಬೋರ್‌ವೆಲ್ ನೀರನ್ನು ದೂರಿ ನಲ್ಲಿಗೊಂದು ಫಿಲ್ಟರ್ ಹಾಕಿಸಿದೆ. ಬುಡಕ್ಕೆ ಏನೆಲ್ಲ ಮಾಡಿದೆನೋ, ಹಾಳಾಗುತ್ತಿದ್ದದ್ದು ಬುಡವೇ ಅಲ್ಲ.

2017ರಲ್ಲಿ ನನ್ನ ಮದುವೆ. ಧಾರೆಗೆ ಮೊಗ್ಗಿನ ಜಡೆ ಹಾಕಬೇಕು ಅನ್ನುವುದು ಅಮ್ಮನಿಗೆ ನಾನು ಸಣ್ಣವಳಿದ್ದಾಗಿನಿಂದ ಇದ್ದ ಆಸೆ. ಹಿಂದಿನ ರಾತ್ರಿ ಮನೆಯ ಹೆಂಗಸರೆಲ್ಲ ಕೂತು ಮಲ್ಲಿಗೆ ಮೊಗ್ಗು ಜೋಡಿಸಿದ್ದರು. ಬೆಳಿಗ್ಗೆ ಅಲಂಕಾರದವರು ಬೈತಲೆ ತೆಗೆದರೆ ಹಣೆಯ ಸುತ್ತ, ಕಿವಿಯ ಮೇಲೆ ಎರಡೆರಡು ಇಂಚಿನ ಮೋಟು ಕೂದಲು ಎದ್ದು ನಿಂತಿದ್ದವು, ಎಷ್ಟು ಒತ್ತಿದರೂ ಕೂರಲಿಲ್ಲ. ಹಿಂದೆ ಹೆಣೆದದ್ದು ಇಲಿಬಾಲದಷ್ಟು ಜಡೆ, ಮೊಗ್ಗಿನ ಭಾರಕ್ಕೆ ಅದು ಕೆಳಗೆ ಜಾರತೊಡಗಿತು. ಕೊನೆಗೆ ಚೌರಿ ತರಿಸಿ ಸೇರಿಸಿ ಕಟ್ಟಿದರು. ಅಮ್ಮ ನನ್ನ ನೆತ್ತಿಯ ಮೇಲೆ ಕೈಯಿಟ್ಟು ‘ಎಂತ ಆತೇ ನಿನ್ನ ತಲೆಗೆ?’ ಅಂದರು. ಆ ದಿನದ ಫೋಟೋ ನೋಡಿದರೆ ನನಗೆ ಈಗಲೂ ಮೊದಲು ಕೇಳಿಸುವುದು ಆ ಮಾತು.

ಮದುವೆ ಕಳೆದ ತಿಂಗಳಿಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಒಂದು ದಿನ ಉದುರಿದ್ದನ್ನೆಲ್ಲ ಕಾಗದದಲ್ಲಿ ಸುತ್ತಿ ತನ್ನಿ ಅಂದಿದ್ದರು. ಬಿಳಿ ಹಾಳೆಯ ಮೇಲೆ ಹರಡಿ, ಭೂತಗನ್ನಡಿ ನನ್ನ ಕೈಗೇ ಕೊಟ್ಟು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಡ್ಡೆ ಕಾಣುತ್ತದಾ ನೋಡಿ ಅಂದರು. ನಾಲ್ಕೈದರಲ್ಲಿ ಇತ್ತು, ಉಳಿದ ಅಷ್ಟರಲ್ಲೂ ಇಲ್ಲ. ‘ಬುಡದಿಂದ ಬಂದದ್ದಾದರೆ ಗಡ್ಡೆ ಇರುತ್ತೆ. ಇವು ಉದುರಿದ್ದಲ್ಲ, ಮುರಿದದ್ದು’ ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಸ್ಟ್ರೈಟ್ನರ್ ಹಿಡಿದಾಗ ಸದ್ದು ಬರುತ್ತಾ?’

ಅದಕ್ಕೇ ನಿಮಗೆ ಹೇಳುವುದು, ಎಣ್ಣೆ ಯಾವುದು ಸೀರಮ್ ಯಾವುದು ಅನ್ನುವ ಮುಂಚೆ ಆ ಗಡ್ಡೆ ನೋಡಿ. ದಿನಕ್ಕೆ 50ರಿಂದ 100 ಕೂದಲು ಬುಡದಿಂದ ಬರುವುದು ಎಲ್ಲರಿಗೂ ಇದ್ದದ್ದೇ. ಗಡ್ಡೆಯಿರುವ ಕೂದಲು ಅದಕ್ಕಿಂತ ತುಂಬ ಹೆಚ್ಚು, ವಾರಗಟ್ಟಲೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದಕ್ಕೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಗಡ್ಡೆ ಇಲ್ಲದಿದ್ದರೆ ಸಮಸ್ಯೆ ನಿಮ್ಮ ಕೈಯಲ್ಲಿದೆ. ಟವೆಲ್, ಬಾಚಣಿಗೆ, ರಬ್ಬರ್ ಬ್ಯಾಂಡ್, ಸ್ಟ್ರೈಟ್ನರ್, ಈ ನಾಲ್ಕರಲ್ಲಿ ಯಾವುದೋ ಒಂದು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಪಾರ್ಲರ್‌ನಿಂದ ಬಂದ ದಿನದಂತೆ ಎರಡು ತಿಂಗಳೂ ಇರಬೇಕು ಅನ್ನುವ ಲೆಕ್ಕವೇ ಸರಿಯಿಲ್ಲ. ಕೂದಲಿನ ಒಳಗೆ ಹೈಡ್ರೋಜನ್ ಬಂಧ ಅನ್ನುವ ಸಣ್ಣ ಕೊಂಡಿಗಳಿವೆ. ನೀರು ತಾಗಿದರೆ ಬಿಡುತ್ತವೆ, ಒಣಗಿದಾಗ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಬ್ಲೋ ಡ್ರೈ ಅಂದರೆ ಇಷ್ಟೇ. ಮುಂದಿನ ತಲೆಸ್ನಾನಕ್ಕೆ ಅದು ಹೋಗಲೇಬೇಕು. ಮಂಗಳೂರು, ಕಾರವಾರದ ಕಡೆಯಾದರೆ ಗಾಳಿಯ ತೇವಕ್ಕೇ ಹೋಗುತ್ತದೆ. ನಾಲ್ಕನೇ ದಿನ ನಿಮಗೆ ಕಾಣುವುದು ಹಾಳಾದ ಕೂದಲಲ್ಲ, ನಿಮ್ಮದೇ ಕೂದಲು. ಅದನ್ನು ಮತ್ತೆ ಮತ್ತೆ ಪಾರ್ಲರ್ ದಿನಕ್ಕೆ ಎಳೆದು ತರಲು ಹೋಗಿಯೇ ನಾನು ಕಳೆದುಕೊಂಡದ್ದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಸೊಂಟದ ಹತ್ತಿರದ ತುದಿಗೆ ನಾಲ್ಕೈದು ವರ್ಷ ವಯಸ್ಸು. ವಾರಕ್ಕೆರಡು ತಲೆಸ್ನಾನ ಅಂದರೂ ಅದು 500 ಸಲ ನೀರು ಕಂಡಿರುತ್ತದೆ. ಅದಕ್ಕೆ ಜೀವವಿಲ್ಲ, ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಹಾಳಾಗದಂತೆ ನೋಡಿಕೊಳ್ಳಬಹುದು, ಹಾಳಾದದ್ದನ್ನು ಕತ್ತರಿಸಬಹುದು, ಮೂರನೆಯ ದಾರಿ ಇಲ್ಲ. ಸೀಳಿದ ತುದಿಯನ್ನು ಕೂಡಿಸುತ್ತೇನೆ ಅನ್ನುವ ಸೀರಮ್ ಮುಂದಿನ ಸ್ನಾನದವರೆಗೆ ಅಂಟಿಸಿಡುತ್ತದೆ, ಅಷ್ಟೇ. ಹೊಳಪಿಗೆ ಬೇಕಾದರೆ ಎರಡು ಹನಿ ಹಚ್ಚಿ, ತಪ್ಪಿಲ್ಲ.

ನಾನು ಭುಜದವರೆಗೆ ಕತ್ತರಿಸಿಬಿಟ್ಟೆ. ನಮ್ಮ ಬೀದಿಯ ಪುಟ್ಟ ಪಾರ್ಲರ್‌ನ ಆಂಟಿ ಕತ್ತರಿ ಹಿಡಿದು ‘ಖಂಡಿತಾನಾ ಕಣಮ್ಮ?’ ಅಂತ ಎರಡು ಸಲ ಕೇಳಿದರು. ಆಮೇಲೆ ತಲೆಸ್ನಾನವನ್ನು ಬೆಳಿಗ್ಗೆಯಿಂದ ಸಂಜೆಗೆ ಬದಲಾಯಿಸಿದೆ. ನೀವು ನನ್ನ ಉತ್ತರದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಎಂಟರ ಬಸ್ಸಿಗೂ ಒದ್ದೆ ತಲೆಗೂ ಆಗಿಬರುವುದಿಲ್ಲ. ವಾರಕ್ಕೆರಡು ದಿನ ಸಂಜೆ ಮನೆಗೆ ಬಂದ ಕೂಡಲೇ ಸ್ನಾನ ಮಾಡಿದರೆ ಮಲಗುವ ಹೊತ್ತಿಗೆ ಒಣಗಿರುತ್ತದೆ. ಸಡಿಲ ಜಡೆ ಹಾಕಿ ಮಲಗುತ್ತೇನೆ, ಬೆಳಿಗ್ಗೆ ಬಿಚ್ಚಿದರೆ ಆಫೀಸಿಗೆ ಅದೇ ಸಾಕು.

ಎಣ್ಣೆ ಸ್ನಾನಕ್ಕೆ ಒಂದು ಗಂಟೆ ಮುಂಚೆ, ಕೂದಲಿನ ಉದ್ದಕ್ಕೆ. ನನ್ನ ಮತ ಕೊಬ್ಬರಿ ಎಣ್ಣೆಗೆ. ಕೊಬ್ಬರಿ, ಸೂರ್ಯಕಾಂತಿ, ಖನಿಜ ತೈಲ ಮೂರನ್ನೂ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ, ಏಕೆಂದರೆ ಅದರ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ. ಅದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳೇ ಮಾಡಿದ ಅಧ್ಯಯನ ಅನ್ನುವುದನ್ನೂ ಹೇಳಿಬಿಡಬೇಕು. ನನಗಂತೂ ವ್ಯತ್ಯಾಸ ಕಂಡಿದೆ. ಆದರೆ ತಲೆಯಲ್ಲಿ ಹೊಟ್ಟಿದ್ದರೆ ಬುಡಕ್ಕೆ ಎಣ್ಣೆ ಬೇಡ, ರಾತ್ರಿಯಿಡೀ ಬಿಡುವುದಂತೂ ಬೇಡವೇ ಬೇಡ. ಹೊಟ್ಟಿನ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ಶಾಂಪೂ ಬುಡಕ್ಕೆ, ಕಂಡೀಷನರ್ ಉದ್ದಕ್ಕೆ. ಸಿಕ್ಕು ಬಿಡಿಸುವುದಿದ್ದರೆ ಕಂಡೀಷನರ್ ಇರುವಾಗಲೇ, ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಮೇಲಕ್ಕೆ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ ಮುರಿಯುತ್ತದೆ, ಅಜ್ಜಿ ಬೈಯುತ್ತಿದ್ದದ್ದು ಅದಕ್ಕೇ. ಅವರ ಗೊಂಪೂ ಈ ಕಂಡೀಷನರ್ ಕೆಲಸವನ್ನೇ ಮಾಡುತ್ತಿತ್ತು, ಎಳೆಗಳು ಒಂದರ ಮೇಲೊಂದು ಜಾರುತ್ತಿದ್ದವು. ಹಾಗಂತ ಅಜ್ಜಿಯದ್ದೆಲ್ಲ ಸರಿ ಅನ್ನಲಾರೆ. ಪಂಚೆಯಲ್ಲಿ ಒದ್ದೆ ಕೂದಲಿಗೆ ಪಟಪಟ ಬಡಿದು ನೀರು ಕೊಡವುತ್ತಿದ್ದರು, ಅದನ್ನು ನಾನು ಬಿಟ್ಟಿದ್ದೇನೆ. ಪಾಣಿಪಂಚೆಯಲ್ಲಿ ಸುತ್ತಿ ಒತ್ತಿದರೆ ಸಾಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಒದ್ದೆ ಬಿಡುವುದಕ್ಕಿಂತ ಹೇರ್ ಡ್ರೈಯರ್ ಮೇಲು. 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಣಗಿಸಿದರೆ ಒಳಗಿನ ಹಾನಿ ಹಾಗೇ ಒಣಗಲು ಬಿಟ್ಟದ್ದಕ್ಕಿಂತ ಕಡಿಮೆ ಅಂತ 2011ರಲ್ಲಿ ಕೊರಿಯಾದವರು ತೋರಿಸಿದ್ದಾರೆ.

ಸ್ಟ್ರೈಟ್ನರ್ ಕೊಳ್ಳಲೇಬೇಕು ಅಂತಿದ್ದರೆ ತಗೊಳ್ಳಿ, ಆದರೆ ತಲೆಸ್ನಾನದ ದಿನ ಅದನ್ನು ಕಪಾಟಿನಿಂದ ತೆಗೆಯಬೇಡಿ. ಮಾರನೆಯ ದಿನ, ಪೂರ್ತಿ ಒಣಗಿದ ಕೂದಲಿಗೆ, 180 ಡಿಗ್ರಿ ದಾಟದಂತೆ, ಒಂದು ಎಳೆಗೆ ಒಂದೇ ಸಲ. ಪಾರ್ಲರ್‌ಗೆ ಎರಡು ಮೂರು ತಿಂಗಳಿಗೊಮ್ಮೆ ತುದಿ ಕತ್ತರಿಸಲು ಹೋಗಿ. ಅಲ್ಲಿನ ಕತ್ತರಿ ಮಾಡುವ ಕೆಲಸವನ್ನು ಮನೆಯ ಯಾವ ಬಾಟಲಿಯೂ ಮಾಡುವುದಿಲ್ಲ.

ಬೋರ್‌ವೆಲ್ ನೀರಿನ ಬಗ್ಗೆ ಯಾರಾದರೂ ಕೆಳಗೆ ಬರೆಯಬಹುದು. ಗಡಸು ನೀರಿಗೆ ಕೂದಲು ಒರಟಾಗುವುದು ನಿಜ. ಆದರೆ ನನ್ನ ಕೂದಲು ಮತ್ತೆ ಬೆಳೆದದ್ದು ಅದೇ ಮನೆಯ ಅದೇ ನೀರಿನಲ್ಲಿ. ನಾಲ್ಕು ವರ್ಷ ಹಿಡಿಯಿತು. 2021ರ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ತಲೆಗೆ ಎಣ್ಣೆ ಹಚ್ಚುತ್ತಾ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು, ಏನೂ ಹೇಳಲಿಲ್ಲ, ಇನ್ನೊಂದು ಸುತ್ತು ಎಣ್ಣೆ ಹಚ್ಚಿದರು.

ಇವತ್ತು ಬಾಚಣಿಗೆಯಿಂದ ಹತ್ತು ಕೂದಲು ತೆಗೆದು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಎಷ್ಟರಲ್ಲಿ ಗಡ್ಡೆ ಇತ್ತು ಅಂತ ಬರೆಯಿರಿ, ಸ್ಟ್ರೈಟ್ನರ್ ವಿಷಯ ಆಮೇಲೆ ಮಾತಾಡೋಣ.