ಕಣ್ಣಿಗೆ ಕಾಣದ ಬಣ್ಣ ಸುಳ್ಳೇ?

ಓದುಗರ ಪತ್ರ (ಸಂಕ್ಷಿಪ್ತ): ಕಳೆದ ಸಂಚಿಕೆಯಲ್ಲಿ ಓದುಗರು ತೆಗೆದ ನೀಹಾರಿಕೆಗಳ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡಗಳ) ಚಿತ್ರಗಳನ್ನು ಎರಡು ಪುಟದ ತುಂಬ ಅಚ್ಚು ಹಾಕಿದ್ದೀರಿ. ಅದೇ ಮಹಾವ್ಯಾಧ ನೀಹಾರಿಕೆಯನ್ನು ನಾನು ಎಂಟಿಂಚಿನ ದೂರದರ್ಶಕದಲ್ಲಿ ನೋಡಿದ್ದೇನೆ. ಬೂದು ಮಬ್ಬಿನ ಹೊರತು ಏನೂ ಕಾಣದು. ಹಾಗಾದರೆ ಆ ಕೆಂಪು, ನೀಲಿ, ಹೊಂಬಣ್ಣ ಎಲ್ಲಿಂದ ಬಂತು? ನಮ್ಮ ಹವ್ಯಾಸಿ ಬಳಗದಲ್ಲಿ ಈ ವಿಷಯಕ್ಕೆ ಮಾತು ಬೆಳೆದು ಮನಸ್ತಾಪದವರೆಗೂ ಹೋಗಿದೆ. ಹಬಲ್, ಜೇಮ್ಸ್ ವೆಬ್‌ನಂಥ ಬಾಹ್ಯಾಕಾಶ ದೂರದರ್ಶಕಗಳು ಇರುವಾಗ ನಮ್ಮಂಥವರ ಚಿತ್ರಗಳಿಗೆ ಅಲಂಕಾರದಾಚೆ ಬೆಲೆಯಿದೆಯೇ? ನಾನು ತೆಗೆದ ಮಂಗಳನ ಚಿತ್ರವನ್ನೂ, ಬಳಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತೆಗೆದ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯ ಚಿತ್ರವನ್ನೂ ಲಗತ್ತಿಸಿದ್ದೇನೆ. ಅವಳ ಚಿತ್ರ ನೋಡಿ ಅರ್ಧ ಜನ ‘ಅದ್ಭುತ’ ಎಂದರು, ಉಳಿದವರು ನಕ್ಕರು. ನಾವು ಏನು ಹೇಳಬೇಕಿತ್ತು?

ಸಂಪಾದಕರ ಉತ್ತರ:

ಮಾನ್ಯರೇ,

ನೀವು ಕಂಡ ಬೂದು ಮಬ್ಬೂ ನಿಜ, ಅಚ್ಚಾದ ಕೆಂಪೂ ನಿಜ. ನಿಮ್ಮ ಬಳಗದಲ್ಲಿ ಜಗಳ ಹುಟ್ಟಿರುವುದು ‘ಕಣ್ಣಿಗೆ ಕಂಡದ್ದಷ್ಟೇ ಸತ್ಯ’ ಎಂದು ಒಂದು ಪಕ್ಷ ಹಿಡಿದಿರುವುದರಿಂದ. ಮಂದ ಬೆಳಕಿನಲ್ಲಿ ನಮಗೆ ನೋಟ ಕೊಡುವ ಕೋಶಗಳಿಗೆ ಬಣ್ಣ ತಿಳಿಯದು, ಬಣ್ಣ ತಿಳಿಯುವ ಕೋಶಗಳಿಗೆ ಅಷ್ಟು ಮಂದ ಬೆಳಕು ಸಾಲದು. ದೊಡ್ಡ ದೂರದರ್ಶಕದಲ್ಲಿ ಮಹಾವ್ಯಾಧ ನೀಹಾರಿಕೆಯ ನಡುಭಾಗ ತುಸು ಹಸಿರಾಗಿ ಕಂಡರೆ ಅದೇ ಹೆಚ್ಚು. ಸುಮಾರು 1,340 ಜ್ಯೋತಿರ್ವರ್ಷ ದೂರದ ಆ ನೀಹಾರಿಕೆಯ ಹತ್ತಿರಕ್ಕೆ ನೌಕೆಯಲ್ಲಿ ಹೋಗಿಬಿಟ್ಟರೆ ಬಣ್ಣವೆಲ್ಲ ಕಂಡೀತು ಎಂದು ಹಲವರು ನಂಬಿದ್ದಾರೆ. ಕಾಣದು. ಹತ್ತಿರ ಹೋದಷ್ಟೂ ಹೆಚ್ಚು ಬೆಳಕು ಬರುತ್ತದೆ, ನಿಜ. ಆದರೆ ನೀಹಾರಿಕೆಯೂ ಆಕಾಶದಲ್ಲಿ ಅಷ್ಟೇ ಅಗಲವಾಗಿ ಹರಡಿಕೊಳ್ಳುವುದರಿಂದ ಅದರ ಯಾವುದೇ ತುಣುಕಿನ ಹೊಳಪು ಇದ್ದಷ್ಟೇ ಇರುತ್ತದೆ. ದೂರದರ್ಶಕಕ್ಕೂ ಇದೇ ಕಟ್ಟುಪಾಡು. ಕ್ಯಾಮೆರಾಕ್ಕೆ ಮಾತ್ರ ಬೇರೊಂದು ಸಾಮರ್ಥ್ಯವಿದೆ: ನಮ್ಮ ಕಣ್ಣು ಕ್ಷಣಕ್ಷಣಕ್ಕೂ ಹಿಂದಿನ ಬೆಳಕನ್ನು ಬಿಟ್ಟುಕೊಟ್ಟು ಮುಂದೆ ಹೋಗುತ್ತದೆ, ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು.

ಆ ಕೆಂಪು ಯಾರೂ ಬಳಿದದ್ದಲ್ಲ. ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕಿಗೆ ಸಿಕ್ಕ ಹೈಡ್ರೋಜನ್ 656.3 ನ್ಯಾನೋಮೀಟರಿನಲ್ಲಿ ಹೊರಸೂಸುವ ಬೆಳಕು ಅದು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 500.7ರಲ್ಲಿ ಹಸಿರು-ನೀಲಿ ಬೆಳಕು ಚೆಲ್ಲುತ್ತದೆ. ಈ ಹಸಿರಿಗೊಂದು ಚರಿತ್ರೆಯೇ ಇದೆ. 1864ರಲ್ಲಿ ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಯ ಬೆಳಕನ್ನು ರೋಹಿತದರ್ಶಕಕ್ಕೆ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸಾಧನ) ಹಾಯಿಸಿದಾಗ ನಕ್ಷತ್ರಗಳಂತೆ ಉದ್ದನೆಯ ಬಣ್ಣದ ಪಟ್ಟಿ ಕಾಣಲಿಲ್ಲ, ಕೆಲವೇ ಹೊಳೆವ ಗೆರೆಗಳು ಕಂಡವು. ಅದು ಅನಿಲ ಎಂದು ಗೊತ್ತಾದದ್ದು ಆ ಗೆರೆಗಳಿಂದಲೇ. ಹಸಿರು ಗೆರೆಗಳು ಆಗ ತಿಳಿದಿದ್ದ ಯಾವ ಧಾತುವಿಗೂ ಹೊಂದದೆ, ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿದ್ದರು. ಅದು ಆಮ್ಲಜನಕವೇ ಎಂದು ಐರಾ ಬೋವೆನ್ 1927ರಲ್ಲಿ ತೋರಿಸಿಕೊಟ್ಟರು. ನೀಹಾರಿಕೆಯ ಬಣ್ಣವನ್ನು ಮೇಲುಮೇಲಿನ ಸಿಂಗಾರ ಎನ್ನುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ: ಅದು ಅಲ್ಲಿ ಏನಿದೆ ಎನ್ನುವುದರ ವರದಿ.

ಹೊಂಬಣ್ಣದ ಮಾತು ಬೇರೆ. ನಾವು ಅಚ್ಚು ಹಾಕಿದ ಗರುಡ ನೀಹಾರಿಕೆಯ ಚಿತ್ರ, 1995ರಲ್ಲಿ ಹಬಲ್ ತೆಗೆದ ಪ್ರಸಿದ್ಧ ಕಂಬಗಳ ಚಿತ್ರದ ಪದ್ಧತಿಯನ್ನು ಅನುಸರಿಸಿದ್ದು. ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ. ಗಂಧಕದ್ದು 672ರ ಆಸುಪಾಸು, ಹೈಡ್ರೋಜನ್ನಿನದು 656. ಎರಡೂ ಕೆಂಪೇ. ಇದ್ದಂತೆಯೇ ಬಿಟ್ಟರೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡಲು ಆಗದು. ಅದಕ್ಕಾಗಿ ಹೈಡ್ರೋಜನ್ನನ್ನು ಹಸಿರಿಗೆ ಸರಿಸುತ್ತಾರೆ. ಇದು ನಕ್ಷೆಯ ಬಣ್ಣ, ಮತ್ತು ನನ್ನ ಮಟ್ಟಿಗೆ ಪೂರ್ತಿ ನ್ಯಾಯವಾದದ್ದು. ಆಮೇಲೆ ಹಸಿರನ್ನು ತಗ್ಗಿಸಿ ಹೊಂಬಣ್ಣ ಬರಿಸುತ್ತಾರಲ್ಲ, ಅದು ಚಿತ್ರ ಮಾಡಿದವರ ಅಭಿರುಚಿ. ಅದಕ್ಕೂ ನನ್ನ ತಕರಾರಿಲ್ಲ, ಹೇಳಿ ಮಾಡಿದರೆ.

‘ಹೇಳಿ ಮಾಡಿದರೆ’ ಎಂಬ ಷರತ್ತು ಸಣ್ಣದಲ್ಲ. ನೆಪ್ಚೂನ್ ಎಂದೊಡನೆ ಗಾಢ ನೀಲಿಯ ಗೋಳ ನಿಮ್ಮ ಕಣ್ಣ ಮುಂದೆ ಬರುತ್ತದಲ್ಲವೇ? 1989ರಲ್ಲಿ ವಾಯೇಜರ್ 2 ನೌಕೆ ಕಳಿಸಿದ ಚಿತ್ರಗಳಲ್ಲಿ ಮೋಡ, ಪಟ್ಟೆಗಳು ಎದ್ದು ಕಾಣಲೆಂದು ವಿಜ್ಞಾನಿಗಳು ವ್ಯತ್ಯಾಸವನ್ನು ಹಿಗ್ಗಿಸಿದ್ದರು. ಹಾಗೆ ಮಾಡಿದ್ದೇವೆಂದು ಚಿತ್ರದ ಅಡಿಬರಹದಲ್ಲಿ ತಿಳಿಸಿಯೂ ಇದ್ದರು. ಚಿತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಅಡಿಬರಹ ಕಳಚಿಹೋಯಿತು, ನೀಲಿ ಉಳಿಯಿತು. ಆಕ್ಸ್‌ಫರ್ಡ್‌ನ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು 2024ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ನೆಪ್ಚೂನ್ ಹೆಚ್ಚುಕಡಿಮೆ ಯುರೇನಸ್‌ನಂತೆಯೇ ತೆಳು ಹಸಿರು-ನೀಲಿ. ಮೂವತ್ತು ವರ್ಷಕ್ಕೂ ಮೇಲೆ ಲಕ್ಷಾಂತರ ಜನ ತಪ್ಪು ಬಣ್ಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಒಂದು ಸಾಲು ಬಿಟ್ಟುಹೋದದ್ದರಿಂದ. ಕಳೆದ ಸಂಚಿಕೆಯ ಪುಟಗಳಲ್ಲಿ ಫಿಲ್ಟರ್, ಒಡ್ಡಿಕೆಯ ಅವಧಿ (ಎಷ್ಟು ಹೊತ್ತು ಬೆಳಕು ಕೂಡಿಸಿದ್ದು), ಬಣ್ಣ ಹಂಚಿದ ಬಗೆ ಇರಲಿಲ್ಲ. ಮುಂದಿನ ಸಂಚಿಕೆಯಿಂದ ಪ್ರತಿ ಚಿತ್ರದ ಕೆಳಗೂ ಇರುತ್ತವೆ. ವಿವರ ಕೊಡಲೊಪ್ಪದವರ ಚಿತ್ರ ಎಷ್ಟೇ ಚೆಂದವಿರಲಿ, ಪ್ರಕಟಿಸುವುದಿಲ್ಲ.

ಹಾಗಾದರೆ ಯಾವುದು ಸುಳ್ಳು? ಆಕಾಶದಿಂದ ಬಾರದ ವಿವರ ಚಿತ್ರದಲ್ಲಿ ಸೇರಿಕೊಂಡರೆ ಅದು ಸುಳ್ಳು. ಇಲ್ಲಿ ನಿಮ್ಮ ಮಂಗಳನ ಚಿತ್ರಕ್ಕೆ ಬರುತ್ತೇನೆ. ಗ್ರಹಗಳ ಚಿತ್ರ ತೆಗೆಯುವ ಎಲ್ಲರಂತೆ ನೀವೂ ವಿಡಿಯೋ ತೆಗೆದು, ಗಾಳಿಯ ಕದಲಿಕೆ ಕಡಿಮೆಯಿದ್ದ ಫ್ರೇಮುಗಳನ್ನು ಆರಿಸಿ ಒಂದರ ಮೇಲೊಂದು ಪೇರಿಸಿದ್ದೀರಿ. ನೂರು ಫ್ರೇಮು ಪೇರಿಸಿದರೆ ಬೆಳಕಿನ ಎದುರು ಗದ್ದಲ, ಅಂದರೆ ಚಿತ್ರದಲ್ಲಿನ ಕಾಳುಕಾಳಾದ ಏರುಪೇರು, ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನಿಮ್ಮ ಈ ಪೇರಿಸುವಿಕೆ (ಸ್ಟ್ಯಾಕಿಂಗ್) ಅಚ್ಚುಕಟ್ಟಾಗಿದೆ, ಧ್ರುವದ ಹಿಮ ಸ್ಪಷ್ಟವಾಗಿದೆ. ಆದರೆ ಬೆಳಗಿದ ಅಂಚಿನ ಒಳಮಗ್ಗುಲಲ್ಲಿ ಅಂಚಿಗೆ ಸಮನಾಗಿ ತೆಳ್ಳನೆಯ ಕಪ್ಪು ಗೆರೆಯೊಂದು ಬಾಗಿ ಸಾಗಿದೆಯಲ್ಲ, ಅದು ಮಂಗಳನದಲ್ಲ. ಕಪ್ಪು ಆಕಾಶಕ್ಕೆ ತಾಗಿದ ಪ್ರಖರ ಅಂಚನ್ನು ತಂತ್ರಾಂಶದಲ್ಲಿ ವಿಪರೀತ ಶಾರ್ಪನ್ ಮಾಡಿದಾಗ, ಅಂದರೆ ಹರಿತಗೊಳಿಸಿದಾಗ, ಹುಟ್ಟುವ ಗೆರೆ ಅದು. ಪರೀಕ್ಷಿಸುವುದು ಸುಲಭ. ಗಂಟೆ ಬಿಟ್ಟು ತೆಗೆದ ಇನ್ನೊಂದು ಚಿತ್ರದ ಪಕ್ಕ ಇದನ್ನಿಟ್ಟು ನೋಡಿ. ಅಷ್ಟರಲ್ಲಿ ಮಂಗಳ ಸುಮಾರು 15 ಡಿಗ್ರಿ ತಿರುಗಿರುತ್ತದೆ, ಕಪ್ಪು ಮಚ್ಚೆಗಳು ಜಾಗ ಬದಲಿಸಿರುತ್ತವೆ. ಗೆರೆ ಮಾತ್ರ ಅಂಚಿಗೇ ಅಂಟಿಕೊಂಡಿರುತ್ತದೆ. ಶಾರ್ಪನ್ ಮಾಡದ ಪ್ರತಿಯನ್ನು ಅಂಚಿನಲ್ಲಷ್ಟೇ ಬೆರೆಸಿ ನೋಡಿ, ಗೆರೆ ಮಾಸಿಹೋಗುತ್ತದೆ.

ಮಂಗಳನ ವಿಷಯದಲ್ಲಿ ಇಲ್ಲದ ಗೆರೆ ಕಂಡವರಲ್ಲಿ ನೀವು ಮೊದಲಿಗರಲ್ಲ. ಅಮೆರಿಕದ ಖಗೋಳಜ್ಞ ಪರ್ಸಿವಲ್ ಲೊವೆಲ್ ವರ್ಷಗಟ್ಟಲೆ ಕಾಲುವೆಗಳನ್ನು ಕಂಡರು, ನಕ್ಷೆ ಬರೆದರು, ಅಲ್ಲಿ ಬುದ್ಧಿಜೀವಿಗಳಿದ್ದಾರೆಂದೂ ವಾದಿಸಿದರು. 1909ರಲ್ಲಿ ಯೂಜೀನ್ ಆಂಟೋನಿಯಾಡಿ ಪ್ಯಾರಿಸ್ ಬಳಿಯ 83 ಸೆಂಟಿಮೀಟರ್ ದೂರದರ್ಶಕದಲ್ಲಿ ನೋಡಿದಾಗ ಆ ಗೆರೆಗಳ ಜಾಗದಲ್ಲಿ ಚೆದುರಿದ ಮಚ್ಚೆಗಳಿದ್ದವು. ಬಿಡಿಬಿಡಿ ಚುಕ್ಕೆಗಳನ್ನು ಮನಸ್ಸು ಗೆರೆಯಾಗಿ ಕೂಡಿಸಿತ್ತು. ಈಗ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಬಂದಿರುವ ಕೆಲವು ತಂತ್ರಾಂಶಗಳನ್ನು ಕಂಡರೆ ನನಗೆ ಆತಂಕವಾಗುವುದು ಇದಕ್ಕೇ. ಬೇರೆ ಸಾವಿರಾರು ಚಿತ್ರಗಳಲ್ಲಿ ಕಲಿತ ರಚನೆಯನ್ನು, ನಿಮ್ಮ ಚಿತ್ರದಲ್ಲಿ ಬರೀ ಮಬ್ಬು ಇರುವಲ್ಲಿ ಅವು ತುಂಬಿಸಬಲ್ಲವು. ಗದ್ದಲ ತಗ್ಗಿಸಲು ಬಳಸುವವರನ್ನು ನಾನು ದೂರುವುದಿಲ್ಲ. ಆದರೆ ಪೇರಿಸಿದ ಮೂಲ ಚಿತ್ರದಲ್ಲಿ ಸುಳಿವೇ ಇಲ್ಲದ ಎಳೆ ಕೊನೆಯ ಚಿತ್ರದಲ್ಲಿ ಕಂಡರೆ ಅದನ್ನು ಕಿತ್ತುಹಾಕಲೇಬೇಕು.

ಹಬಲ್ ಇರುವಾಗ ನಾವೇಕೆ ಎಂದಿರಿ. ಹಬಲ್ ಆಕಾಶವನ್ನೆಲ್ಲ ಸದಾ ಕಾಯುತ್ತ ಕೂತಿಲ್ಲ. ಒಂದು ಸಲಕ್ಕೆ ಅದು ನೋಡುವುದು ಅತಿ ಚಿಕ್ಕ ತುಣುಕು. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಹವ್ಯಾಸಿ ಆಂಟನಿ ವೆಸ್ಲಿ ಗುರುವಿನ ದಕ್ಷಿಣ ಧ್ರುವದ ಬಳಿ ಕಪ್ಪು ಕಲೆಯೊಂದನ್ನು ಕಂಡರು. ಉಪಗ್ರಹದ ನೆರಳಿರಬಹುದೇ ಎಂದು ನೋಡಿದರು, ಹೊಂದಲಿಲ್ಲ. ಎರಡು ದಿನ ಹಿಂದೆ ತಾವೇ ತೆಗೆದ ಅದೇ ಜಾಗದ ಚಿತ್ರದಲ್ಲಿ ಕಲೆ ಇರಲಿಲ್ಲ. ಏನೋ ಬಂದು ಗುರುವಿಗೆ ಅಪ್ಪಳಿಸಿತ್ತು. ಅವರು ಸುದ್ದಿ ಮುಟ್ಟಿಸಿದ ಮೇಲೆ ಹವಾಯಿಯ ನಾಸಾ ದೂರದರ್ಶಕ ಅತ್ತ ತಿರುಗಿತು, ಜುಲೈ 23ಕ್ಕೆ ಹಬಲ್ ಕೂಡ. 2004ರಲ್ಲಿ ಜೇ ಮೆಕ್‌ನೀಲ್ ಎಂಬ ಹವ್ಯಾಸಿ ಮೂರಿಂಚಿನ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಎಂ78 ಎಂಬ ನೀಹಾರಿಕೆಯ ಪಕ್ಕ ಅದುವರೆಗೆ ನಕ್ಷೆಗಳಲ್ಲಿಲ್ಲದ ನೀಹಾರಿಕೆಯೊಂದು ಇತ್ತು. ಅದಕ್ಕೀಗ ಅವರದೇ ಹೆಸರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ದೇವಯಾನಿಯ ಕಮಾನು. ಆ ಗೆಲಾಕ್ಸಿಯಷ್ಟು ಬಾರಿ ಚಿತ್ರ ತೆಗೆಸಿಕೊಂಡ ಗೆಲಾಕ್ಸಿ ಇನ್ನೊಂದಿರಲಾರದು. ಅಲ್ಲಿ ಹೊಸದೇನಿದ್ದೀತು? ಝೇವಿಯರ್ ಸ್ಟ್ರಾಟ್ನರ್, ಮಾರ್ಸೆಲ್ ಡ್ರೆಕ್ಸ್ಲರ್, ಯಾನ್ ಸೆಂಟಿ ಎಂಬ ಮೂವರು ಹವ್ಯಾಸಿಗಳು ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ ಗಂಟೆಗಟ್ಟಲೆ ಬೆಳಕು ಕೂಡಿಹಾಕಿದರು. ಗೆಲಾಕ್ಸಿಯ ಪಕ್ಕದಲ್ಲೇ ಹುಣ್ಣಿಮೆ ಚಂದ್ರನ ಸುಮಾರು ಮೂರು ಪಟ್ಟು ಉದ್ದದ ಮಂದ ಕಮಾನು ಮೂಡಿತು. ಮಸೂರದ ಪ್ರತಿಫಲನವಿರಬಹುದೆಂಬ ಅನುಮಾನ ನೀಗಲು ಬೇರೆ ದೂರದರ್ಶಕಗಳಲ್ಲಿ, ಬೇರೆ ಫಿಲ್ಟರುಗಳಲ್ಲಿ ಮತ್ತೆ ತೆಗೆದು ನೋಡಿ, ವೃತ್ತಿನಿರತ ಖಗೋಳಜ್ಞರ ಜೊತೆ ಸೇರಿ 2023ರ ಜನವರಿಯಲ್ಲಿ ಪ್ರಕಟಿಸಿದರು. ನಿಮ್ಮ ಬಳಗದ ಒಂದು ಪಕ್ಷ ‘ಕೃತಕ’ ಎಂದು ತಳ್ಳಿಹಾಕುವ ಆ ಒಂದೇ ಬಣ್ಣದ ಫಿಲ್ಟರ್ ಇಲ್ಲದಿದ್ದರೆ ಅದು ಸಿಕ್ಕುತ್ತಲೇ ಇರಲಿಲ್ಲ.

ಇನ್ನು ಆ ಹುಡುಗಿಯ ಚಿತ್ರ. ನಕ್ಕವರಿಗೆ ನಾನು ಹೇಳುವುದು ಒಂದೇ: ಮತ್ತೆ ನೋಡಿ. ನಡುವಿನ ಹೊಳಪು ಸುಟ್ಟು ಬಿಳಿಯಾಗಿದೆ, ನಿಜ. ಆದರೆ ಜೊತೆಗಿರುವ ಎರಡು ಪುಟ್ಟ ಗೆಲಾಕ್ಸಿಗಳೂ, ಎಂ32 ಮತ್ತು ಎಂ110, ಸ್ಪಷ್ಟವಾಗಿ ಬಂದಿವೆ. ನಕ್ಷತ್ರಗಳು ಮೂಲೆಯವರೆಗೂ ದುಂಡಗಿವೆ, ಅಂದರೆ ಫೋಕಸ್ ಮತ್ತು ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಕೆಲಸ ಎರಡೂ ಕೈಗೆ ಹತ್ತಿವೆ. ‘ಅದ್ಭುತ’ ಎಂದವರಿಂದಲೂ ಅವಳಿಗೆ ಏನೂ ಸಿಗಲಿಲ್ಲ. ಅವಳಿಗೆ ಹೇಳಬೇಕಾದ್ದು, ಚಿತ್ರದ ನಾಲ್ಕು ಮೂಲೆಗಳು ಕಪ್ಪಾಗಿರುವುದು ಆಕಾಶದ ದೋಷವಲ್ಲ, ಮಸೂರದ ಅಂಚಿನಲ್ಲಿ ಬೆಳಕು ಕಡಿಮೆಯಾಗುವುದರಿಂದ ಎಂದು. ಚಿತ್ರ ತೆಗೆದಾದ ಮೇಲೆ ಕ್ಯಾಮೆರಾ ಕದಲಿಸದೆ, ಫೋಕಸ್ ಮುಟ್ಟದೆ, ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿದು, ಸಮನಾದ ಬೆಳಕಿನಲ್ಲಿ ಇಪ್ಪತ್ತು ಮೂವತ್ತು ಫ್ಲಾಟ್ (ಬೆಳಕು ಎಲ್ಲಿ ಕಡಿಮೆ ಬೀಳುತ್ತದೆಂದು ತೋರಿಸುವ ಖಾಲಿ ಚಿತ್ರ) ತೆಗೆಯಲಿ. ಸ್ಟ್ಯಾಕಿಂಗ್ ಮಾಡುವಾಗ ಅವನ್ನೂ ತಂತ್ರಾಂಶಕ್ಕೆ ಕೊಟ್ಟರೆ ಮೂಲೆಗಳೂ ಸೆನ್ಸರ್ ಮೇಲಿನ ಧೂಳಿನ ವೃತ್ತಗಳೂ ಸರಿಹೋಗುತ್ತವೆ. ನಡುಭಾಗಕ್ಕೆ ಕಡಿಮೆ ಅವಧಿಯ ಕೆಲವು ಫ್ರೇಮುಗಳನ್ನು ಬೇರೆಯಾಗಿ ತೆಗೆದು ಸೇರಿಸಲಿ. ಹಾಗೆ ಸೇರಿಸಿದ್ದೇನೆಂದು ಬರೆದು ನಮಗೂ ಒಂದು ಪ್ರತಿ ಕಳಿಸಲಿ.

— ಸಂಪಾದಕ