ವರ್ಚುವಲ್ ಲೋಕದಲ್ಲಿ ಗ್ರಂಥಾಲಯ ತೆರೆದರೆ ಜನ ಬರುತ್ತಾರಾ?

ನಿಮ್ಮ ಪ್ರಶ್ನೆ ಓದಿದೆ. ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೀರಿ. ಸೆಕೆಂಡ್ ಲೈಫ್‌ನಂಥ 3ಡಿ ಆನ್‌ಲೈನ್ ಲೋಕದಲ್ಲಿ ಒಂದು ಶಾಖೆ ತೆರೆಯಿರಿ ಅಂತ ಮೇಲಿನವರು ಹೇಳಿದ್ದಾರೆ. ಕಟ್ಟಡ ಹೇಗಿರಬೇಕು, ಎಷ್ಟು ಪುಸ್ತಕ ಇಡಬೇಕು, ಅಷ್ಟೆಲ್ಲ ಮಾಡಿದ ಮೇಲೆ ಜನ ಬರುತ್ತಾರಾ ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅಲ್ಲಿ ಒಬ್ಬ ಗ್ರಂಥಪಾಲಕರು ಕೂತಿದ್ದರೆ ಖಂಡಿತ ಬರುತ್ತಾರೆ. ಯಾರೂ ಇಲ್ಲದ ಕಟ್ಟಡಕ್ಕೆ ಒಂದು ಸಲ ಬಂದು, ಸುತ್ತ ಕಣ್ಣು ಹಾಯಿಸಿ ಹೊರಟುಹೋಗುತ್ತಾರೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇಂಥದ್ದೇ ಒಂದು ಲೋಕದ ರೆಫರೆನ್ಸ್ ಡೆಸ್ಕಿನಲ್ಲಿ, ಅಂದರೆ ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ಮೇಜಿನಲ್ಲಿ, ಆರು ವರ್ಷ, ವಾರಕ್ಕೆ ಎರಡು ರಾತ್ರಿ, ತಲಾ ಎರಡು ಗಂಟೆ ಸ್ವಯಂಸೇವಕಿಯಾಗಿ ಕೂತವಳು ನಾನು. ಈ ಮಾತು ಅಲ್ಲಿಂದ ಬಂದದ್ದು.

ನಮ್ಮ ತಂಡ ಶುರುವಿಗೇ ಮಾಡಿದ ಕೆಲಸವೆಂದರೆ ಕಟ್ಟಡ ಕಟ್ಟಿದ್ದು. ಮೂರು ತಿಂಗಳು ಅದಕ್ಕೇ ಹೋಯಿತು. ಎರಡು ಅಂತಸ್ತು, ಮೆಟ್ಟಿಲು, ಸಾಲುಸಾಲು ಕಪಾಟು, ಒಂದೊಂದು ಪುಸ್ತಕದ ಬೆನ್ನಿಗೂ ಮುಟ್ಟಿದರೆ ತೆರೆಯುವ ಲಿಂಕು. ತೆರೆದ ಮೊದಲ ವಾರದಲ್ಲೇ ತಪ್ಪು ಕಂಡಿತು. ಅವತಾರಗಳು, ಅಂದರೆ ಆ ಲೋಕದಲ್ಲಿ ನಮ್ಮ ಬದಲಿಗೆ ಓಡಾಡುವ ರೂಪಗಳು, ಹಾರಬಲ್ಲವು, ಅವಕ್ಕೆ ಮೆಟ್ಟಿಲು ಬೇಕಿಲ್ಲ. ನೋಡುವವರ ಕ್ಯಾಮೆರಾ ಅವತಾರದ ತಲೆಯ ಹಿಂದೆ, ಸ್ವಲ್ಪ ಮೇಲೆ ತೇಲುತ್ತಿರುತ್ತದೆ. ಚಾವಣಿ ತಗ್ಗಾಗಿದ್ದರೆ, ಕಪಾಟುಗಳ ನಡುವಿನ ದಾರಿ ಕಿರಿದಾಗಿದ್ದರೆ ಪರದೆಯ ತುಂಬ ಬರೀ ಗೋಡೆಯೇ. ಪುಸ್ತಕಗಳನ್ನು ಮುಟ್ಟಿದವರಂತೂ ಬೆರಳೆಣಿಕೆಯಷ್ಟು. ಓದಬೇಕೆನ್ನುವವರು ಬ್ರೌಸರಿನಲ್ಲೇ ಆರಾಮವಾಗಿ ಓದುತ್ತಾರೆ, ಅದಕ್ಕೊಂದು ಅವತಾರವನ್ನು ಕಪಾಟಿನವರೆಗೆ ನಡೆಸಿಕೊಂಡು ಯಾಕೆ ಬರಬೇಕು? ಓದುಗರ ಸಮಯ ಉಳಿಸು ಎಂದು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ. ನಾವು ಕಟ್ಟಿದ್ದು ಓದುಗರ ಸಮಯ ತಿನ್ನುವ ಕಟ್ಟಡವಾಗಿತ್ತು. ಮೇಲಿನ ಅಂತಸ್ತನ್ನು ಕೆಡವಿ, ಚಾವಣಿ ತೆಗೆದು, ಒಂದು ಬಯಲು ಮಂಟಪ, ನಾಲ್ಕು ಕುರ್ಚಿ, ಒಂದು ಡೆಸ್ಕು ಇಟ್ಟೆವು. ಜನ ನಿಂತು ಮಾತಾಡಲು ಶುರುಮಾಡಿದ್ದು ಆಮೇಲೆ.

ಈ ಪ್ರಯೋಗ ಹೊಸದೇನೂ ಅಲ್ಲ. 1995ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಇಂಟರ್ನೆಟ್ ಪಬ್ಲಿಕ್ ಲೈಬ್ರರಿ, ಬರೀ ಅಕ್ಷರಗಳಲ್ಲಿ ಕಟ್ಟಿದ ಮೂ ಎಂಬ ಬಗೆಯ ಲೋಕದಲ್ಲಿ ಕೂಡ ಓದುಗರನ್ನು ಭೇಟಿಯಾಗಲು ಪ್ರಯತ್ನಿಸಿತ್ತು. ಚಿತ್ರ ಒಂದೂ ಇರಲಿಲ್ಲ. ‘ನೀವು ಒಂದು ಕೋಣೆಯಲ್ಲಿದ್ದೀರಿ’ ಎಂಬಂಥ ಸಾಲೇ ಅಲ್ಲಿ ಕೋಣೆ. ಸೆಕೆಂಡ್ ಲೈಫ್ ಬಂದದ್ದು 2003ರಲ್ಲಿ. ಅದರೊಳಗೆ ಗ್ರಂಥಾಲಯದ ಕೆಲಸ ದೊಡ್ಡದಾಗಿ ಹಬ್ಬಿದ್ದು 2006ರಿಂದ, ಅಮೆರಿಕದ ಇಲಿನಾಯ್ ರಾಜ್ಯದ ಅಲಯನ್ಸ್ ಲೈಬ್ರರಿ ಸಿಸ್ಟಮ್ ಮುಂದೆ ನಿಂತು ಇನ್ಫೋ ಐಲ್ಯಾಂಡ್ ಎಂಬ ದ್ವೀಪ ಕಟ್ಟಿದ ಮೇಲೆ. ಬೇರೆ ಬೇರೆ ದೇಶಗಳ ಗ್ರಂಥಪಾಲಕರು ತಮ್ಮ ಬಿಡುವಿನ ಹೊತ್ತಿನಲ್ಲಿ ಬಂದು ಆ ಡೆಸ್ಕಿನಲ್ಲಿ ಕೂರುತ್ತಿದ್ದರು. ಒಬ್ಬರಿಗೆ ನಡುರಾತ್ರಿಯಾದಾಗ ಇನ್ನೊಬ್ಬರಿಗೆ ಬೆಳಗಿನ ಹೊತ್ತು, ಹಾಗಾಗಿ ಪಾಳಿ ಹಂಚಿಕೊಳ್ಳುವುದು ಸುಲಭವಾಗಿತ್ತು.

ಏನು ಕೇಳುತ್ತಾರೆ ಅನ್ನುವುದು ನಿಮಗೆ ಎಲ್ಲಕ್ಕಿಂತ ಉಪಯೋಗದ ವಿಷಯ. ನನ್ನ ಡೆಸ್ಕಿಗೆ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಆ ಲೋಕದ ಬಗ್ಗೆಯೇ. ಕೂದಲು ಬದಲಿಸುವುದು ಹೇಗೆ, ಕೂತ ಕುರ್ಚಿಯಿಂದ ಏಳುವುದು ಹೇಗೆ, ಸಂಗೀತ ಕಛೇರಿ ಎಲ್ಲಿ ನಡೆಯುತ್ತದೆ, ನನ್ನ ಭಾಷೆಯವರು ಎಲ್ಲಿ ಸೇರುತ್ತಾರೆ. ಇವು ಗ್ರಂಥಾಲಯದ ಪ್ರಶ್ನೆಗಳೇ ಅಲ್ಲ ಅಂತ ನನ್ನ ಸಹೋದ್ಯೋಗಿಯೊಬ್ಬರಿಗೆ ಬೇಸರವಿತ್ತು. ನನಗೆ ಹಾಗೆ ಅನಿಸಲೇ ಇಲ್ಲ. ಹೊಸ ಊರಿಗೆ ಬಂದವರು ದಾರಿ ಕೇಳುವುದೂ ಮಾಹಿತಿಯ ಅಗತ್ಯವೇ. ಅದಕ್ಕೆ ಸರಿಯಾಗಿ ಉತ್ತರ ಸಿಕ್ಕವರು ಮುಂದಿನ ವಾರ ಬೇರೆ ಪ್ರಶ್ನೆ ಹೊತ್ತು ಬರುತ್ತಿದ್ದರು. ಆ ಬೇರೆ ಪ್ರಶ್ನೆಗಳಿಗಾಗಿಯೇ ನಾನು ಅಷ್ಟು ವರ್ಷ ಕೂತದ್ದು.

ಒಂದು ರಾತ್ರಿ ನರಿಯ ರೂಪದ ಅವತಾರವೊಂದು ಬಂತು. ಬಹಳ ಹೊತ್ತು ಸುಮ್ಮನೆ ನಿಂತಿತ್ತು. ನಾನು ನಮಸ್ಕಾರ ಹೇಳಿ ಕಾದೆ. ಆಮೇಲೆ ನಿಧಾನವಾಗಿ ಟೈಪ್ ಮಾಡಿದರು: ಅಮ್ಮನಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ, ಅದರಿಂದ ಮರೆವು ಬರುತ್ತದಾ? ಉತ್ತರ ಬರೆಯುವ ಮೊದಲು ನಾನು ಮಾಡಿದ್ದು ಮಾತನ್ನು ಖಾಸಗಿ ಸಂದೇಶಕ್ಕೆ ಸರಿಸಿದ್ದು. ಸೆಕೆಂಡ್ ಲೈಫ್‌ನಲ್ಲಿ ಸಾಮಾನ್ಯ ಚಾಟ್ 20 ಮೀಟರ್ ದೂರದೊಳಗೆ ಇರುವವರಿಗೆಲ್ಲ ಕಾಣುತ್ತದೆ, ಕೂಗಿದರೆ 100 ಮೀಟರ್. ಪಕ್ಕದ ಕುರ್ಚಿಯಲ್ಲಿ ಕೂತವರು ಅಲ್ಲಾಡದೆ ಇದ್ದರೂ ಓದುತ್ತಿರಬಹುದು. ಮೆಡ್‌ಲೈನ್‌ಪ್ಲಸ್ ಎಂಬ ಆರೋಗ್ಯ ಮಾಹಿತಿಯ ಜಾಲತಾಣದಲ್ಲಿ ಆ ಔಷಧಿಯ ಪುಟ ಹುಡುಕಿ ಕೊಟ್ಟೆ, ಅಡ್ಡಪರಿಣಾಮಗಳ ಭಾಗವನ್ನು ಜೊತೆಯಲ್ಲೇ ಓದಿದೆವು, ವೈದ್ಯರನ್ನು ಕೇಳಬೇಕಾದ ಮೂರು ಪ್ರಶ್ನೆ ಬರೆದುಕೊಟ್ಟೆ. ಮಾತ್ರೆ ನಿಲ್ಲಿಸಿ ಅಂತಲೋ ಮುಂದುವರಿಸಿ ಅಂತಲೋ ನಾನು ಹೇಳಲಿಲ್ಲ, ಅದು ನಮ್ಮ ಕೆಲಸವಲ್ಲ. ಅವರು ಇನ್ನೂ ಅರ್ಧ ಗಂಟೆ ಅಲ್ಲೇ ಕೂತಿದ್ದರು. ತಮ್ಮ ಸುತ್ತಮುತ್ತಲಿನ ಯಾರ ಮುಂದೆಯೂ ಈ ಪ್ರಶ್ನೆ ಎತ್ತಲು ಆಗಿರಲಿಲ್ಲ ಅಂದರು. ಮುಖ ಕಾಣದ, ಹೆಸರು ಗೊತ್ತಿಲ್ಲದ ಜಾಗದಲ್ಲಿ, ಆದರೆ ಎದುರಿಗೆ ಒಬ್ಬರು ಇದ್ದಾರೆ ಎಂಬ ಧೈರ್ಯದಲ್ಲಿ ಕೇಳಿದ್ದರು. ಬರೀ ಚಾಟ್ ಕಿಟಕಿಯಲ್ಲಿ ಆ ಮೊದಲ ಐದು ನಿಮಿಷದ ಮೌನವೇ ಇರುವುದಿಲ್ಲ. ಉತ್ತರ ಬರೆಯದವರನ್ನು ವ್ಯವಸ್ಥೆಯೇ ಹೊರಗೆ ಹಾಕುತ್ತದೆ.

ಆರೋಗ್ಯ ಮಾಹಿತಿ ಈ ಲೋಕಗಳಲ್ಲಿ ನಿಜವಾಗಿ ಬೇರು ಬಿಟ್ಟದ್ದು ಇದೇ ಕಾರಣಕ್ಕೆ ಅಂತ ನನ್ನ ನಂಬಿಕೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಅನುದಾನದಲ್ಲಿ ಹೆಲ್ತ್‌ಇನ್ಫೋ ಐಲ್ಯಾಂಡ್ ಎಂಬ ದ್ವೀಪವೇ ಇತ್ತು. ಅಂಗವಿಕಲರಿಗಾಗಿ ದುಡಿಯುವ ವರ್ಚುವಲ್ ಎಬಿಲಿಟಿ ಎಂಬ ಸಮುದಾಯವೂ ಸೆಕೆಂಡ್ ಲೈಫ್‌ನಲ್ಲೇ ಬೆಳೆಯಿತು. ಮನೆಯಿಂದ ಹೊರಬರಲು ಕಷ್ಟವಿರುವವರಿಗೆ ಈ ಲೋಕ ಆಟವಲ್ಲ, ನಾಲ್ಕು ಜನರ ನಡುವೆ ಕೂರುವ ಜಾಗ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸೇವೆ ರೂಪಿಸಿ. 2007ರಲ್ಲಿ ಅಲ್ಲಿ ಧ್ವನಿ ಸೌಲಭ್ಯ ಬಂದಾಗ ಹಲವರು ಟೈಪ್ ಮಾಡುವುದನ್ನೇ ಬಿಟ್ಟರು. ಅಕ್ಷರವೇ ಆಸರೆಯಾಗಿದ್ದ ಕಿವುಡ ಓದುಗರು ಅಂಥ ಕಡೆ ಹೊರಗುಳಿದರು. ನಮ್ಮ ಕಾರ್ಯಕ್ರಮಗಳಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಅದನ್ನು ಟೈಪ್ ಮಾಡುತ್ತಲೇ ಇರಬೇಕೆಂಬ ನಿಯಮ ಇಟ್ಟಿದ್ದೆವು. ನೀವೂ ಇಡಿ, ದಯವಿಟ್ಟು.

ಇನ್ನು ಪುಸ್ತಕದ ಮಾತು. ನಿಮ್ಮ ಕಾಲೇಜು ದುಡ್ಡು ಕೊಟ್ಟು ತರಿಸುವ ಡೇಟಾಬೇಸುಗಳನ್ನು ಅಲ್ಲಿ ಬಂದವರಿಗೆಲ್ಲ ಕೊಡಲು ಆಗುವುದಿಲ್ಲ. ಲೈಸೆನ್ಸ್ ಇರುವುದು ನಿಮ್ಮ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ. ಎದುರಿಗೆ ನಿಂತ ಡ್ರ್ಯಾಗನ್ ನಿಮ್ಮ ವಿದ್ಯಾರ್ಥಿಯೋ ಅಲ್ಲವೋ ಹೇಗೆ ತಿಳಿಯಬೇಕು? ಹಾಗಾಗಿ ಮುಕ್ತವಾಗಿ ಸಿಗುವುದನ್ನು ಚೆನ್ನಾಗಿ ತಿಳಿದಿಟ್ಟುಕೊಳ್ಳಿ: ಪ್ರಾಜೆಕ್ಟ್ ಗುಟೆನ್‌ಬರ್ಗ್, ಇಂಟರ್ನೆಟ್ ಆರ್ಕೈವ್, ಪಬ್‌ಮೆಡ್ ಸೆಂಟ್ರಲ್, ಮುಕ್ತ ಪ್ರವೇಶದ ನಿಯತಕಾಲಿಕೆಗಳು. ಈ ಮಿತಿಯನ್ನೇ ಸೊಗಸಾಗಿ ಬಳಸಿಕೊಂಡ ಗ್ರಂಥಾಲಯವೊಂದು ಕ್ಯಾಲೆಡನ್‌ನಲ್ಲಿತ್ತು. ಸೆಕೆಂಡ್ ಲೈಫ್‌ನೊಳಗಿನ ಈ ಪ್ರದೇಶದ ನಿವಾಸಿಗಳು 19ನೇ ಶತಮಾನದ ಉಡುಪು ತೊಟ್ಟು, ಉಗಿಯಂತ್ರಗಳ ಕಲ್ಪನಾಲೋಕದಲ್ಲಿ ಬದುಕುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ ಕಾಲದ ಪುಸ್ತಕ, ನಕ್ಷೆ, ಉಡುಪಿನ ಚಿತ್ರ. ಅವುಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿತ್ತು. ಗ್ರಂಥಾಲಯ ಅಲ್ಲಿನವರ ಆಸಕ್ತಿಯೊಳಗಿಂದಲೇ ಹುಟ್ಟಿದ್ದರಿಂದ ಅವರು ಅದನ್ನು ತಮ್ಮದೆಂದು ನೋಡಿಕೊಂಡರು. ನೀವು ನಿಮ್ಮ ವಿದ್ಯಾರ್ಥಿಗಳನ್ನು ಎಳೆದುಕೊಂಡು ಹೋಗಿ ಅಲ್ಲಿ ಕೂರಿಸುವ ಬದಲು ಅಲ್ಲಿ ಈಗಾಗಲೇ ಇರುವವರಿಗೆ ಏನು ಬೇಕೆಂದು ಕೇಳಿ. ನನ್ನ ಇಡೀ ಉತ್ತರದಲ್ಲಿ ಒಂದೇ ಮಾತು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ.

ಕಟ್ಟಡವೇ ಸೇವೆಯಾದ ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2020ರ ಮಾರ್ಚ್ 12ರಂದು ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ, ಬ್ಲಾಕು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಅನ್‌ಸೆನ್ಸರ್ಡ್ ಲೈಬ್ರರಿ ತೆರೆಯಿತು. ಒಂದೂಕಾಲು ಕೋಟಿ ಬ್ಲಾಕುಗಳ ಭಾರೀ ಕಟ್ಟಡ. ಈಜಿಪ್ಟ್, ಮೆಕ್ಸಿಕೊ, ರಷ್ಯಾ, ಸೌದಿ ಅರೇಬಿಯಾ, ವಿಯೆಟ್ನಾಂ ದೇಶಗಳಲ್ಲಿ ಅದುಮಿಟ್ಟ ಬರಹಗಳು ಆಟದೊಳಗಿನ ಪುಸ್ತಕಗಳ ರೂಪದಲ್ಲಿ ಅಲ್ಲಿವೆ. ಸುದ್ದಿತಾಣಗಳಿಗೆ ಬೀಗ ಹಾಕಿದ ಕಡೆಯೂ ಮೈನ್‌ಕ್ರಾಫ್ಟ್ ತೆರೆದೇ ಇರುತ್ತದೆ ಎಂಬುದೇ ಅದರ ಹಿಂದಿನ ವಿಚಾರ. ಅಲ್ಲಿ ಓದುಗ ಬ್ರೌಸರಿನಲ್ಲಿ ಓದಲಾರ, ಕಪಾಟಿನವರೆಗೆ ನಡೆಯಲು ಅವನಿಗೆ ಕಾರಣವಿದೆ. ನಿಮ್ಮ ಓದುಗರಿಗೆ ಅಂಥ ಕಾರಣ ಇದೆಯಾ ನೋಡಿ.

ಹದಿಹರೆಯದವರಿಗಾಗಿ ಯೋಚಿಸುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು. ಮೊದಲು 13ರಿಂದ 17 ವಯಸ್ಸಿನವರಿಗೆ ಟೀನ್ ಸೆಕೆಂಡ್ ಲೈಫ್ ಎಂಬ ಬೇರೆಯದೇ ಲೋಕವಿತ್ತು. ಅಲ್ಲಿ ಕೆಲಸ ಮಾಡುವ ಗ್ರಂಥಪಾಲಕರು ಹಿನ್ನೆಲೆ ತಪಾಸಣೆಗೆ ಒಳಗಾಗಬೇಕಿತ್ತು, ತಮ್ಮ ದ್ವೀಪ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಅದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ.

ಆದರೆ ಆ ಲೋಕ 2011ರ ಆರಂಭದ ಹೊತ್ತಿಗೆ ಇಲ್ಲವಾಯಿತು. ನೆಲ ನಮ್ಮದಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ಅದೇ ಸಮಯದಲ್ಲಿ ಸೆಕೆಂಡ್ ಲೈಫ್ ನಡೆಸುವ ಲಿಂಡೆನ್ ಲ್ಯಾಬ್, ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧ ಬೆಲೆಯ ರಿಯಾಯಿತಿಯನ್ನು ನಿಲ್ಲಿಸಿತು. 2013ರಲ್ಲಿ ಮತ್ತೆ ಕೊಟ್ಟಿತಾದರೂ ಅಷ್ಟರಲ್ಲಿ ಹಲವರು ಗಂಟುಮೂಟೆ ಕಟ್ಟಿದ್ದರು. ಇಂಥ ಬೇರೆ ಲೋಕಗಳೂ ಹೋದವು: ಆಲ್ಟ್‌ಸ್ಪೇಸ್‌ವಿಆರ್ 2023ರ ಮಾರ್ಚ್ 10ಕ್ಕೆ ಮುಚ್ಚಿತು, ಮೊಜಿಲ್ಲಾ ಹಬ್ಸ್ 2024ರ ಮೇ 31ಕ್ಕೆ. ನಮ್ಮ ಮಂಟಪವೂ ಒಂದು ದಿನ ಹೋಯಿತು. ಎರಡು ತಿಂಗಳ ಮುಂಚೆ ಮಿಂಚಂಚೆ ಬಂದಿತ್ತು. ನಾವು ಕಟ್ಟಿದ್ದನ್ನು ಹೊರತೆಗೆಯಲು ನೋಡಿದರೆ, ಕುರ್ಚಿ ಒಬ್ಬರು ಮಾಡಿದ್ದು, ಮರ ಇನ್ನೊಬ್ಬರದ್ದು, ದೀಪ ಮಗದೊಬ್ಬರದ್ದು. ಒಂದೊಂದಕ್ಕೂ ಬೇರೆ ಬೇರೆ ಹಕ್ಕುದಾರರು, ಅವರಲ್ಲಿ ಅರ್ಧ ಜನ ಆ ಲೋಕಕ್ಕೆ ಬರುವುದನ್ನೇ ಬಿಟ್ಟಿದ್ದರು. ಯಾರ ಅನುಮತಿ ಕೇಳುವುದು? ನಮಗೆ ಉಳಿದದ್ದು ಕೆಲವು ಚಿತ್ರಗಳು ಮತ್ತು ನಮ್ಮ ಪ್ರಶ್ನೋತ್ತರಗಳ ಪಟ್ಟಿ. ಅದನ್ನು ಹೊರಗೆ ಇಟ್ಟಿದ್ದೆವು, ಹೆಸರುಗಳನ್ನು ತೆಗೆದೇ ಬರೆದಿದ್ದೆವು. ಓದುಗರ ಗುಟ್ಟು ಕಾಯುವ ನಿಯಮ ಅವತಾರಕ್ಕೂ ಅನ್ವಯಿಸುತ್ತದೆ, ಚಾಟ್ ಪ್ರತಿಗಳನ್ನು ಕೂಡಿಡಬೇಡಿ.

ಆದ್ದರಿಂದ ಕಟ್ಟುವುದಾದರೆ ಸ್ವಲ್ಪವೇ ಕಟ್ಟಿ, ನೀವೇ ಮಾಡಿದ ವಸ್ತುಗಳಿಂದ ಕಟ್ಟಿ. ಇಲ್ಲವೇ ಸೆಕೆಂಡ್ ಲೈಫ್‌ನಂಥ ಲೋಕವನ್ನು ನಾವೇ ನಡೆಸಬಹುದಾದ ಓಪನ್‌ಸಿಮ್ಯುಲೇಟರ್ ಬಳಸಿ. ಅದು ಮುಕ್ತ ತಂತ್ರಾಂಶ, ನಿಮ್ಮದೇ ಸರ್ವರಿನಲ್ಲಿ ನಡೆಯುತ್ತದೆ, ಇಡೀ ಪ್ರದೇಶವನ್ನು ಒಂದೇ ಫೈಲಿನಲ್ಲಿ ಉಳಿಸಿಕೊಳ್ಳಬಹುದು. ಬೆಲೆ ಏನೆಂದರೆ, ಅಲ್ಲಿ ಜನ ಕಡಿಮೆ. ಜನ ಇರುವ ಕಡೆ ನೆಲ ನಮ್ಮದಲ್ಲ, ನೆಲ ನಮ್ಮದಾದ ಕಡೆ ಜನ ಇಲ್ಲ. ನನ್ನನ್ನು ಕೇಳಿದರೆ ಜನ ಇರುವ ಕಡೆಗೇ ಹೋಗಿ, ಎಂದು ಬೇಕಾದರೂ ಎದ್ದು ಹೊರಡುವ ಸಿದ್ಧತೆ ಇಟ್ಟುಕೊಳ್ಳಿ.

ಮೇಲಿನವರಿಗೆ ಹೀಗೆ ಹೇಳಿ ನೋಡಿ: ಮೊದಲ ಆರು ತಿಂಗಳು ಸ್ವಂತ ಜಾಗವೇ ಬೇಡ. ಅಲ್ಲಿ ಆಗಲೇ ನಡೆಯುತ್ತಿರುವ ಯಾವುದಾದರೂ ಗುಂಪಿನ ಬಳಿ, ಅವರ ಅನುಮತಿ ಪಡೆದು, ಒಂದು ಮೇಜು ಹಾಕಿಕೊಳ್ಳೋಣ. ವಾರದಲ್ಲಿ ಮೂರು ದಿನ, ಗೊತ್ತುಮಾಡಿದ ಒಂದೇ ಹೊತ್ತಿಗೆ, ಇಬ್ಬರು ಸರದಿಯ ಮೇಲೆ ಕೂರೋಣ. ತಿಂಗಳಿಗೊಮ್ಮೆ ಓದಿ ಹೇಳುವ ಕಾರ್ಯಕ್ರಮ ಇಡೋಣ. ಒಂದೇ ಪ್ರದೇಶದಲ್ಲಿ ನಲವತ್ತು ಐವತ್ತು ಅವತಾರ ಸೇರಿದರೆ ಎಲ್ಲವೂ ತೆವಳತೊಡಗುತ್ತದೆ, ಆದ್ದರಿಂದ ಇಪ್ಪತ್ತು ಜನ ಬಂದರೆ ಅದೇ ತುಂಬಿದ ಸಭೆ. ಲೆಕ್ಕ ಇಡುವುದಾದರೆ ಎಷ್ಟು ಜನ ಬಂದರು ಅನ್ನುವುದರ ಬದಲು ಎಷ್ಟು ಜನ ಎರಡನೇ ಸಲ ಬಂದರು ಅಂತ ಇಡಿ.

ನಿಮ್ಮ ಮೇಲಿನವರ ಮನಸ್ಸಿನಲ್ಲಿ ಯಾವ ಲೋಕವಿದೆ, ಡೆಸ್ಕಿನಲ್ಲಿ ಕೂರಲು ನಿಮ್ಮಲ್ಲಿ ಎಷ್ಟು ಜನ ಒಪ್ಪುತ್ತಾರೆ, ಇವೆರಡನ್ನು ಕೆಳಗೆ ಬರೆಯಿರಿ. ಪಾಳಿ ಹಾಕುವುದು ಹೇಗೆ, ಮೊದಲ ದಿನ ಮೇಜಿನ ಮೇಲೆ ಏನೇನಿರಬೇಕು ಅನ್ನುವುದನ್ನು ಅದಕ್ಕೆ ತಕ್ಕಂತೆ ಹೇಳುತ್ತೇನೆ.