ಮಕ್ಕಳ ಜೊತೆ ಸೋಪಿನ ಗುಳ್ಳೆಯಲ್ಲಿ ಚಿತ್ರ ಮಾಡೋದು ಹೇಗೆ?

ಮನೆಯಲ್ಲಿರುವ ಸಾಮಾನಿನಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

ಒಂದು ಲೋಟಕ್ಕೆ 2 ಚಮಚ ನೀರು, 1 ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, 1 ಚಮಚ ಪೋಸ್ಟರ್ ಕಲರ್ ಹಾಕಿ ಕಲಸಿ. ಬಣ್ಣಕ್ಕೆ ಜಿಪುಣತನ ಬೇಡ. ಗುಳ್ಳೆಯ ಪೊರೆ ತುಂಬಾ ತೆಳು, ಬಣ್ಣ ಕಮ್ಮಿಯಾದರೆ ಕಾಗದದ ಮೇಲೆ ಏನೂ ಕಾಣಿಸುವುದಿಲ್ಲ.

ಊದುವ ಮೊದಲು ಒಂದು ಕೆಲಸ ಮರೆಯಬೇಡಿ. ಸ್ಟ್ರಾದಲ್ಲಿ, ತುಟಿ ಇಡುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ದಪ್ಪ ಸೂಜಿಯಿಂದ ಒಂದೆರಡು ತೂತು ಮಾಡಿ. ಮಗು ಮರೆತು ಹೀರಿದರೂ ತೂತಿನಿಂದ ಗಾಳಿ ನುಗ್ಗುತ್ತದೆ, ಸೋಪಿನ ನೀರು ಸುಲಭಕ್ಕೆ ಬಾಯಿಗೆ ಏರುವುದಿಲ್ಲ. ಮೊದಲು ಬರೀ ನೀರಿನಲ್ಲಿ ಊದಿಸಿ ನೋಡಿ. ತೀರಾ ಚಿಕ್ಕವರಾದರೆ ನೀವೇ ಊದಿ, ಕಾಗದ ತಾಗಿಸುವ ಕೆಲಸ ಅವರಿಗೆ ಕೊಡಿ.

ಆಮೇಲೆ ಲೋಟದ ಬಣ್ಣದ ನೀರಿಗೆ ಸ್ಟ್ರಾ ಇಟ್ಟು ಊದಿ. ನೊರೆ ಲೋಟದ ಬಾಯಿ ದಾಟಿ ಗುಮ್ಮಟದ ಹಾಗೆ ಎದ್ದಾಗ ಸ್ಟ್ರಾ ತೆಗೆದು, ದಪ್ಪ ಡ್ರಾಯಿಂಗ್ ಶೀಟನ್ನು ಮೆಲ್ಲಗೆ ತಾಗಿಸಿ ಎತ್ತಿ. ಒತ್ತಬೇಡಿ, ಒತ್ತಿದರೆ ಬರೀ ಕಲೆ. ಒಡೆದ ಒಂದೊಂದು ಗುಳ್ಳೆಯೂ ತನ್ನ ಅಂಚಿನ ಗೆರೆ ಬಿಟ್ಟು ಹೋಗಿರುತ್ತದೆ. ಹತ್ತಿರದಿಂದ ನೋಡಿ, ಗುಳ್ಳೆಗಳು ಸೇರುವ ಕಡೆ ಹೆಚ್ಚಾಗಿ ಮೂರು ಗೆರೆ ಕೂಡಿರುತ್ತವೆ, ಜೇನುಹುಟ್ಟಿನ ಹಾಗೆ! ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಒಣಗಿದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕಾಂಡ, ಎಲೆ ಬರೆದರೆ ಹೂಗೊಂಚಲು ರೆಡಿ.